ಮೊದಲು ಏನಾಯಿತು ಅಂತ ಹೇಳಿ

ಆಸ್ಪತ್ರೆಯಲ್ಲಿ ಎಡವಟ್ಟಾದಾಗ ರೋಗಿಯ ಮನೆಯವರು ಮೊದಲು ಕೇಳುವುದು ದುಡ್ಡನ್ನಲ್ಲ. "ಏನಾಯ್ತು ಡಾಕ್ಟ್ರೇ?" ಅಂತ ಕೇಳುತ್ತಾರೆ. ಇದಕ್ಕೆ ನೇರ ಉತ್ತರ ಸಿಕ್ಕಿದ್ದರೆ ಎಷ್ಟೋ ಕೇಸುಗಳು ಕೋರ್ಟಿನ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ ಅಂತ ನನ್ನ ನಂಬಿಕೆ. ಆದರೆ ಸಿಗುವುದಿಲ್ಲ. ದೊಡ್ಡ ಡಾಕ್ಟರು ರೌಂಡ್ಸಿಗೆ ಬರುವ ಹೊತ್ತೇ ಬದಲಾಗಿಬಿಡುತ್ತದೆ. ಡ್ಯೂಟಿ ಡಾಕ್ಟರು "ಅವರನ್ನೇ ಕೇಳಿ" ಅನ್ನುತ್ತಾರೆ. ನಿನ್ನೆವರೆಗೆ ನಗುತ್ತಾ ಮಾತಾಡಿಸುತ್ತಿದ್ದ ನರ್ಸ್ ಇವತ್ತು ಮುಖ ಕೊಡುವುದಿಲ್ಲ. ಕೇಸ್ ಶೀಟ್ ಕೇಳಿದರೆ ಆಫೀಸಿಗೆ ಹೋಗಿ ಅರ್ಜಿ ಕೊಡಿ ಅನ್ನುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಡಾಕ್ಟರ್ ಗೆಳೆಯರು ಜಗಳಕ್ಕೆ ಬರುತ್ತಾರೆ. ರೋಗಿ ಗುಣವಾಗಲಿಲ್ಲ ಅಂದಮಾತ್ರಕ್ಕೆ ಅದು ನಿರ್ಲಕ್ಷ್ಯ ಅಲ್ಲ. ಎಷ್ಟೇ ಚೆನ್ನಾಗಿ ಆಪರೇಷನ್ ಮಾಡಿದರೂ ರಕ್ತಸ್ರಾವ ಆಗಬಹುದು, ಸೋಂಕು ತಗಲಬಹುದು, ಅನಸ್ತೇಷಿಯಾ ಒಗ್ಗದೆ ಹೋಗಬಹುದು. ಅದು ಕಾಂಪ್ಲಿಕೇಷನ್. ರಕ್ತಸ್ರಾವ ಆಗುತ್ತಿದೆ ಅಂತ ರಾತ್ರಿಯಿಡೀ ಯಾರೂ ಗಮನಿಸದೆ ಇದ್ದರೆ ಅದು ನಿರ್ಲಕ್ಷ್ಯ. ತೊಂದರೆ ಏನಂದರೆ, ಆಸ್ಪತ್ರೆಯವರಿಗೆ ಎಲ್ಲವೂ ಕಾಂಪ್ಲಿಕೇಷನ್ ಆಗಿ ಕಾಣುತ್ತದೆ, ಮನೆಯವರಿಗೆ ಎಲ್ಲವೂ ನಿರ್ಲಕ್ಷ್ಯವಾಗಿ ಕಾಣುತ್ತದೆ.

ಕಾನೂನು ಇದನ್ನು ಅಳೆಯಲು ಹೊರಟಿದ್ದು ಹೇಗೆ ಅಂತ ನೋಡಿದರೆ ಮಜಾ ಇದೆ. 1957ರಲ್ಲಿ ಇಂಗ್ಲೆಂಡಿನ ಒಂದು ಕೋರ್ಟು ಬೋಲಂ ಕೇಸಿನಲ್ಲಿ ಒಂದು ಅಳತೆಗೋಲು ಕೊಟ್ಟಿತು. ಆ ವಿಭಾಗದ ಜವಾಬ್ದಾರಿಯುತ ಡಾಕ್ಟರುಗಳ ಒಂದು ಗುಂಪು ಒಪ್ಪುವಂಥ ರೀತಿಯಲ್ಲಿ ಚಿಕಿತ್ಸೆ ಕೊಟ್ಟಿದ್ದರೆ ಅದು ನಿರ್ಲಕ್ಷ್ಯ ಅಲ್ಲ. ಅಂದರೆ ಡಾಕ್ಟರ ತಪ್ಪನ್ನು ಅಳೆಯಲು ಬೇರೆ ಡಾಕ್ಟರೇ ಬೇಕು. 1997ರ ಬೊಲಿತೊ ಕೇಸಿನಲ್ಲಿ ಅಲ್ಲಿನ ಮೇಲಿನ ನ್ಯಾಯಪೀಠ ಇದನ್ನು ಸ್ವಲ್ಪ ಬಿಗಿ ಮಾಡಿತು. ತಜ್ಞರು ಹೇಳಿದರಷ್ಟೇ ಸಾಲದು, ಆ ಅಭಿಪ್ರಾಯ ತರ್ಕಕ್ಕೂ ನಿಲ್ಲಬೇಕು ಅಂತ. "ನಾವೆಲ್ಲ ಮಾಡೋದೇ ಹೀಗೆ" ಅನ್ನುವ ಮಾತಿಗೆ ಅಲ್ಲಿಂದ ಬೆಲೆ ಇಳಿಯಿತು. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ರೋಗಿಗೆ ಯಾವ ಅಪಾಯಗಳನ್ನು ಹೇಳಬೇಕು ಅನ್ನುವುದು ಡಾಕ್ಟರ ಇಷ್ಟಕ್ಕೆ ಬಿಟ್ಟಿದ್ದಲ್ಲ, ರೋಗಿಯ ಜಾಗದಲ್ಲಿರುವವರಿಗೆ ಯಾವುದು ಮುಖ್ಯ ಅನ್ನಿಸುತ್ತದೋ ಅದನ್ನು ಹೇಳಲೇಬೇಕು ಅಂದಿತು.

ಇನ್ನು ಕೆಲವಕ್ಕೆ ಯಾವ ತಜ್ಞರೂ ಬೇಕಿಲ್ಲ. ಹೊಟ್ಟೆಯಲ್ಲಿ ಬಟ್ಟೆ ಬಿಟ್ಟು ಹೊಲಿಗೆ ಹಾಕುವುದು, ಎಡಗಾಲಿನ ಬದಲು ಬಲಗಾಲು ಕೊಯ್ಯುವುದು. ಇದರಲ್ಲಿ ವಾದ ಮಾಡಲು ಏನಿದೆ?

ನನ್ನನ್ನು ತುಂಬಾ ಕಾಡುವುದು ವಿನ್‌ಕ್ರಿಸ್ಟಿನ್ ಅನ್ನುವ ಔಷಧಿಯ ಕತೆ. ಕ್ಯಾನ್ಸರಿಗೆ ಕೊಡುವ ಒಳ್ಳೆಯ ಔಷಧಿ. ರಕ್ತನಾಳಕ್ಕೆ ಮಾತ್ರ ಕೊಡಬೇಕು. ಅದೇ ರೋಗಿಗೆ ಬೆನ್ನುಹುರಿಯ ದ್ರವಕ್ಕೆ ಬೇರೊಂದು ಇಂಜೆಕ್ಷನ್ ಕೊಡುವುದೂ ಇರುತ್ತದೆ. ಎರಡೂ ಸಿರಿಂಜಿನಲ್ಲಿ ತಯಾರಾಗಿ ಒಂದೇ ದಿನ ಒಂದೇ ವಾರ್ಡಿಗೆ ಬಂದರೆ ಮುಗಿಯಿತು. ವಿನ್‌ಕ್ರಿಸ್ಟಿನ್ ಬೆನ್ನಿಗೆ ಹೋದರೆ ರೋಗಿ ಉಳಿಯುವುದು ಬಹಳ ಅಪರೂಪ. ಬೇರೆ ಬೇರೆ ದೇಶಗಳಲ್ಲಿ ಇದೇ ತಪ್ಪು ಮತ್ತೆ ಮತ್ತೆ ಆಯಿತು. ಎಷ್ಟೋ ಸಲ ಸಿಕ್ಕಿಬಿದ್ದದ್ದು ಸಿರಿಂಜ್ ಹಿಡಿದಿದ್ದವರು. ಇದಕ್ಕೆ ಪರಿಹಾರ ಎಷ್ಟು ಸರಳ ಗೊತ್ತಾ? ಔಷಧಿಯನ್ನು ಸಿರಿಂಜಿನಲ್ಲಿ ಕೊಡದೆ ಸಣ್ಣ ಡ್ರಿಪ್ ಬ್ಯಾಗಿನಲ್ಲಿ ಬೆರೆಸಿ ಕೊಡುವುದು. ಡ್ರಿಪ್ ಬ್ಯಾಗನ್ನು ತಂದು ಬೆನ್ನಿನ ಸೂಜಿಗೆ ಯಾರೂ ಸಿಕ್ಕಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಇದನ್ನೇ ಹೇಳಿತು.

ಹೀಗಿರುವಾಗ ಸಿರಿಂಜ್ ಹಿಡಿದವರನ್ನು ಸಸ್ಪೆಂಡ್ ಮಾಡಿ "ಕಠಿಣ ಕ್ರಮ ಕೈಗೊಂಡಿದ್ದೇವೆ" ಅಂತ ಹೇಳಿಕೆ ಕೊಡುವ ಆಡಳಿತದವರನ್ನು ಕಂಡರೆ ನನಗೆ ಜಾಸ್ತಿ ಸಿಟ್ಟು ಬರುತ್ತದೆ. ನೋಡಲು ಒಂದೇ ಥರ ಇರುವ ಎರಡು ಬಾಟಲಿಗಳನ್ನು ಒಂದೇ ಟ್ರೇಯಲ್ಲಿ ಇಡುವ ವ್ಯವಸ್ಥೆ ಯಾರದ್ದು? ಎರಡು ಪಾಳಿ ಒಟ್ಟಿಗೆ ಮಾಡಿಸಿದ್ದು ಯಾರು? ಅವರ ಹೆಸರು ಯಾವ ದೂರಿನಲ್ಲೂ ಬರುವುದಿಲ್ಲ.

ನಮ್ಮ ಹತ್ತಿರದ ಸಂಬಂಧಿಯೊಬ್ಬರಿಗೆ ಪೆನಿಸಿಲಿನ್ ಅಲರ್ಜಿ ಇತ್ತು. ಕೇಸ್ ಶೀಟಿನ ಮೊದಲ ಪುಟದಲ್ಲೇ ಬರೆದಿತ್ತು. ಆದರೂ ಅದೇ ಗುಂಪಿನ ಇಂಜೆಕ್ಷನ್ ಕೊಟ್ಟರು. ಪುಣ್ಯಕ್ಕೆ ಪಕ್ಕದ ವಾರ್ಡಿನಲ್ಲಿದ್ದ ಡಾಕ್ಟರು ಓಡಿ ಬಂದು ಉಳಿಸಿಕೊಂಡರು. ಆಮೇಲೆ ಯಾರನ್ನು ಕೇಳಿದರೂ ಒಂದೇ ಮಾತು: "ಒಬ್ಬೊಬ್ಬರಿಗೆ ಹೀಗಾಗುತ್ತೆ." ಆ ಸಂಬಂಧಿ ಇವತ್ತಿಗೂ ಆ ಇಂಜೆಕ್ಷನ್ನಿನ ಬಗ್ಗೆ ಸಿಟ್ಟಾಗುವುದಿಲ್ಲ. ಆ ಮಾತು ನೆನಪಾದರೆ ಮಾತ್ರ ಕೆಂಡವಾಗುತ್ತಾರೆ.

ತಪ್ಪು ಕಡಿಮೆ ಮಾಡಲು ದಾರಿ ಇಲ್ಲ ಅಂತೇನಿಲ್ಲ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ನಿಗೆ ಅಂತಲೇ ಒಂದು ಚೆಕ್‌ಲಿಸ್ಟ್ ತಂದಿತು. ರೋಗಿ ಇವರೇನಾ, ಯಾವ ಕಡೆ ಕೊಯ್ಯಬೇಕು, ಅಲರ್ಜಿ ಇದೆಯಾ, ಒಳಗೆ ಹೋದ ಬಟ್ಟೆ, ಸೂಜಿಗಳ ಲೆಕ್ಕ ಸರಿಯಾಗಿದೆಯಾ. ಇಂಥವೇ 19 ಅಂಶ. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪ್ರಯೋಗ ಮಾಡಿದಾಗ ಆಪರೇಷನ್ ನಂತರದ ಸಾವು ಶೇ. 1.5ರಿಂದ 0.8ಕ್ಕೆ ಇಳಿಯಿತು. ದೊಡ್ಡ ತೊಂದರೆಗಳು ಶೇ. 11ರಿಂದ 7ಕ್ಕೆ ಬಂದವು. ಒಂದು ಹಾಳೆ ಅಷ್ಟೇ. ಅಮೆರಿಕದ ಮಿಷಿಗನ್ ರಾಜ್ಯದ ಐಸಿಯುಗಳಲ್ಲಿ ರಕ್ತನಾಳಕ್ಕೆ ಹಾಕುವ ದೊಡ್ಡ ಕೊಳವೆಯಿಂದ ಬರುವ ಸೋಂಕನ್ನು ತಡೆಯಲು ಐದು ನಿಯಮ ಮಾಡಿದರು. ನಿಯಮಗಳಲ್ಲಿ ಹೊಸದೇನೂ ಇರಲಿಲ್ಲ. ಹೊಸದಾಗಿದ್ದದ್ದು ಬೇರೆ: ಡಾಕ್ಟರು ಒಂದು ಹಂತ ತಪ್ಪಿಸಿದರೆ ನರ್ಸ್ ಅವರನ್ನು ತಡೆದು ನಿಲ್ಲಿಸಬಹುದು. ಸೋಂಕು ಗಣನೀಯವಾಗಿ ಇಳಿಯಿತು. ಎಷ್ಟು ಆಸ್ಪತ್ರೆಗಳಲ್ಲಿ ಒಬ್ಬ ನರ್ಸ್ ದೊಡ್ಡ ಸರ್ಜನ್ನಿಗೆ "ನಿಲ್ಲಿ ಸರ್" ಅನ್ನಬಲ್ಲರು? ನೀವೇ ಯೋಚನೆ ಮಾಡಿ.

ದೊಡ್ಡವರಿಗೆ ತಪ್ಪು ತೋರಿಸುವುದು ಯಾವತ್ತೂ ಸುಲಭ ಇರಲಿಲ್ಲ ಬಿಡಿ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರು, ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸಬೇಡಿ, ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿರಿ ಅಂದರು. ಶೇ. 18ರಷ್ಟಿದ್ದ ಬಾಣಂತಿಯರ ಸಾವು ಕೆಲವೇ ತಿಂಗಳಲ್ಲಿ ಶೇ. 2ರ ಆಸುಪಾಸಿಗೆ ಬಂತು. ಅಂಕಿಗಳು ಕಣ್ಣ ಮುಂದೆ ಇದ್ದರೂ ಆ ಕಾಲದ ಬಹಳಷ್ಟು ಡಾಕ್ಟರುಗಳು ಒಪ್ಪಲಿಲ್ಲ.

"ಜನ ಸುಮ್ಸುಮ್ನೆ ಕೇಸ್ ಹಾಕ್ತಾರೆ" ಅನ್ನುವ ದೂರಿದೆಯಲ್ಲ, ಅದಕ್ಕೂ ಬರುತ್ತೇನೆ. ನ್ಯೂಯಾರ್ಕಿನ ಆಸ್ಪತ್ರೆಗಳ 30,000ಕ್ಕೂ ಹೆಚ್ಚು ದಾಖಲೆಗಳನ್ನು ತೆರೆದು ನೋಡಿದ ಹಾರ್ವರ್ಡ್ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ದಾಖಲಾದವರಲ್ಲಿ ಶೇ. 3.7 ಮಂದಿಗೆ ಚಿಕಿತ್ಸೆಯಿಂದಲೇ ಹಾನಿಯಾಗಿತ್ತು. ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ನಿರ್ಲಕ್ಷ್ಯದ್ದು. ಆದರೆ ನಿರ್ಲಕ್ಷ್ಯದಿಂದ ನೊಂದ ನೂರು ಜನರಲ್ಲಿ ಪರಿಹಾರ ಕೇಳಿದ್ದು ಇಬ್ಬರಿಗಿಂತ ಕಡಿಮೆ! ಅದೇ ಅಧ್ಯಯನ ಇನ್ನೊಂದನ್ನೂ ತೋರಿಸಿತು: ಪರಿಹಾರ ಕೇಳಿ ಹಾಕಿದ ಕೇಸುಗಳಲ್ಲಿ ಹೆಚ್ಚಿನವುಗಳಲ್ಲಿ ನಿರ್ಲಕ್ಷ್ಯ ಕಾಣಿಸಲಿಲ್ಲ. ಎರಡನ್ನೂ ಒಟ್ಟಿಗೆ ಓದಿ. ನಿಜವಾಗಿ ಅನ್ಯಾಯವಾದವರು ಮನೆಯಲ್ಲಿದ್ದಾರೆ, ಕೋರ್ಟಿನಲ್ಲಿರುವ ಎಷ್ಟೋ ಜನ ತಪ್ಪೇ ಮಾಡದವರ ಮೇಲೆ ಹೋರಾಡುತ್ತಿದ್ದಾರೆ. ಯಾರೂ ಕೂತು ನಿಜ ಹೇಳದಿದ್ದರೆ ಹೀಗಾಗದೆ ಇನ್ನೇನಾಗುತ್ತದೆ?

ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಲ್ಲಿ ಉಲ್ಟಾ ದಾರಿ ಹಿಡಿದವು. ತಾವೇ ತನಿಖೆ ಮಾಡುವುದು, ತಪ್ಪಿದ್ದರೆ ಮನೆಯವರಿಗೆ ಹೇಳಿ ಕ್ಷಮೆ ಕೇಳಿ ಪರಿಹಾರ ಕೊಡುವುದು, ತಪ್ಪಿಲ್ಲದಿದ್ದರೆ ತಮ್ಮ ಡಾಕ್ಟರ ಪರ ಗಟ್ಟಿಯಾಗಿ ನಿಲ್ಲುವುದು. ಒಪ್ಪಿಕೊಂಡರೆ ದಿವಾಳಿ ಎದ್ದುಹೋಗುತ್ತೇವೆ ಅನ್ನುವ ಭಯ ಸುಳ್ಳಾಯಿತು. ಕೋರ್ಟಿಗೆ ಹೋಗುವ ಕೇಸುಗಳು ಅರ್ಧಕ್ಕಿಂತ ಕೆಳಗಿಳಿದವು. ನ್ಯೂಜಿಲೆಂಡಿನದು ಇನ್ನೂ ಬೇರೆ ಲೆಕ್ಕ. ಚಿಕಿತ್ಸೆಯಿಂದ ಗಾಯವಾದರೆ ಅಲ್ಲಿ ಸರ್ಕಾರಿ ಯೋಜನೆಯಿಂದ ಪರಿಹಾರ, ಯಾರದ್ದು ತಪ್ಪು ಅಂತ ಸಾಬೀತು ಮಾಡಬೇಕಿಲ್ಲ. ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ದುಡ್ಡು ಬೇಗ ಬರುತ್ತದೆ ನಿಜ, ಆದರೆ "ಯಾಕೆ ಹೀಗಾಯ್ತು" ಅನ್ನುವ ಪ್ರಶ್ನೆ ಪಕ್ಕಕ್ಕೆ ಸರಿಯಬಾರದು.

ಡಾಕ್ಟರ ಮೇಲೆ ಕೈ ಮಾಡುವವರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೆಟ್ಟು ಬೀಳುತ್ತದೆ ಅಂತ ಗೊತ್ತಿರುವ ಜಾಗದಲ್ಲಿ ಯಾರೂ ತಪ್ಪು ಒಪ್ಪುವುದಿಲ್ಲ, ಇನ್ನಷ್ಟು ಮುಚ್ಚಿಡುತ್ತಾರೆ.

ನಿಮ್ಮ ಮನೆಯವರು ಯಾರಾದರೂ ಆಸ್ಪತ್ರೆಯಲ್ಲಿದ್ದರೆ, ಅನುಮಾನ ಬಂದ ದಿನವೇ ಕೇಸ್ ಶೀಟಿನ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ. ಡಿಸ್ಚಾರ್ಜ್ ಸಮ್ಮರಿ ಸಾಲದು, ನರ್ಸುಗಳು ಬರೆದ ಪುಟಗಳು, ಔಷಧಿ ಕೊಟ್ಟ ಹೊತ್ತಿನ ಚಾರ್ಟ್, ಆಪರೇಷನ್ ನೋಟ್ಸ್ ಎಲ್ಲ ಬೇಕು. ಯಾರು ಯಾವಾಗ ಏನು ಹೇಳಿದರು ಅಂತ ನೀವೂ ಬರೆದಿಡಿ. "ಕನ್ಸೆಂಟ್ ಫಾರ್ಮಿಗೆ ಸೈನ್ ಹಾಕಿದ್ದೀರಲ್ಲ" ಅಂತ ಯಾರಾದರೂ ಬಾಯಿ ಮುಚ್ಚಿಸಲು ಬಂದರೆ ಹೆದರಬೇಡಿ. ಆ ಸಹಿ ಆಪರೇಷನ್ನಿಗೆ ಕೊಟ್ಟಿದ್ದು, ನಿರ್ಲಕ್ಷ್ಯಕ್ಕಲ್ಲ.