ಎಜ್ರಾ ಕಾರ್ನೆಲ್ ಮಾರದೆ ಹಿಡಿದ ಕಾಡು

ಎಜ್ರಾ ಕಾರ್ನೆಲ್ ಎಂದರೆ ಎಲ್ಲರೂ ಹೇಳುವುದು ಒಂದೇ: ಟೆಲಿಗ್ರಾಫಿನಲ್ಲಿ ದುಡ್ಡು ಮಾಡಿದ, 5 ಲಕ್ಷ ಡಾಲರ್ ಕೊಟ್ಟು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯ ಕಟ್ಟಿಸಿದ. ದಾನ ದೊಡ್ಡದೇ. ಆದರೆ ಅದಕ್ಕಿಂತ ದೊಡ್ಡ ಕೆಲಸ ನಡೆದದ್ದು ವಿಸ್ಕಾನ್ಸಿನ್‌ನ ಪೈನ್ ಕಾಡಿನಲ್ಲಿ. ಅದನ್ನು ಯಾರೂ ಎತ್ತಿ ಹೇಳುವುದಿಲ್ಲವೆಂಬುದೇ ನನ್ನ ಬೇಸರ.

1807ರಲ್ಲಿ ಹುಟ್ಟಿದ ಈತ ಬಡಗಿ, ಗಿರಣಿ ಮೇಸ್ತ್ರಿ, ಆಮೇಲೆ ಊರೂರು ತಿರುಗಿ ನೇಗಿಲು ಮಾರಿದವ. 1843ರಲ್ಲಿ ಟೆಲಿಗ್ರಾಫ್ ರೂಪಿಸಿದ ಸ್ಯಾಮ್ಯುಯೆಲ್ ಮೋರ್ಸ್‌ನ ತಂತಿಯನ್ನು ವಾಷಿಂಗ್ಟನ್–ಬಾಲ್ಟಿಮೋರ್ ನಡುವೆ ನೆಲದಡಿ ಹೂಳಬೇಕಿತ್ತು. ಕಾಲುವೆ ತೋಡಲೊಂದು, ಮಣ್ಣು ಮುಚ್ಚಲೊಂದು ಯಂತ್ರ ಬೇಕೆಂದು ಗುತ್ತಿಗೆದಾರರ ಲೆಕ್ಕ. ಕಾರ್ನೆಲ್ ಒಂದೇ ಸಾಕೆಂದ: ಕಿರಿದಾದ ಅಲಗು ನೆಲ ಸೀಳುತ್ತದೆ, ಹಿಂದೆಯೇ ಸೀಸದ ಕೊಳವೆ ಇಳಿಯುತ್ತದೆ, ಮಣ್ಣು ತಾನೇ ಕೂಡಿಕೊಳ್ಳುತ್ತದೆ. ನೇಗಿಲು ಚೆನ್ನಾಗಿ ಓಡಿತು, ಕೈಕೊಟ್ಟದ್ದು ತಂತಿ. ಅದಕ್ಕೆ ಸುತ್ತಿದ್ದ ಹತ್ತಿಯ ಹೊದಿಕೆ ಹಾಳಾಗಿ ಕರೆಂಟ್ ಸೀಸಕ್ಕೆ ಸೋರುತ್ತಿತ್ತು. ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಕೊಟ್ಟ 30,000 ಡಾಲರಿನ ದೊಡ್ಡ ಪಾಲು ಆಗಲೇ ಮಣ್ಣುಪಾಲಾಗಿತ್ತು. ಸೋಲು ಪತ್ರಿಕೆಗಳಿಗೆ ತಿಳಿಯದಂತೆ ಕೆಲಸ ನಿಲ್ಲಿಸಲು ಕಾರ್ನೆಲ್ ಬೇಕೆಂದೇ ನೇಗಿಲನ್ನು ಬಂಡೆಗೆ ಹಾಯಿಸಿ ಮುರಿದ. ಆ ಚಳಿಗಾಲವಿಡೀ ವಿದ್ಯುತ್ತಿನ ಪುಸ್ತಕಗಳನ್ನು ಓದಿ, ತಂತಿ ಕಂಬದ ಮೇಲಿರಬೇಕು, ಗಾಜು ಅದನ್ನು ಹಿಡಿದಿರಬೇಕು ಎಂಬಲ್ಲಿಗೆ ಬಂದ. 1844ರ ಮೇ 24ಕ್ಕೆ ಸಂದೇಶ ಹೋಯಿತು. ಮುಂದೆ ತಾನೇ ಲೈನುಗಳನ್ನು ಎಳೆಸಿದ, ಸಾಲದಲ್ಲಿ ಮುಳುಗಿದಾಗಲೂ ಷೇರು ಬಿಡಲಿಲ್ಲ. 1856ರಲ್ಲಿ ಕಂಪನಿಗಳು ಕೂಡಿ ವೆಸ್ಟರ್ನ್ ಯೂನಿಯನ್ ಎಂಬ ಟೆಲಿಗ್ರಾಫ್ ಕಂಪನಿ ಆದಮೇಲೆ ಆ ಷೇರುಗಳೇ ಆತನ ಸಂಪತ್ತಾದವು.

ಇದೇ ಹಟ ಜಮೀನಿನ ವಿಷಯದಲ್ಲೂ ಕಾಣುತ್ತದೆ. ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳಿಗಾಗಿ 1862ರ ಮೊರಿಲ್ ಕಾಯ್ದೆ ಪ್ರತಿ ಸಂಸದನ ಲೆಕ್ಕಕ್ಕೆ 30,000 ಎಕರೆ ಕೊಟ್ಟಿತು. (1964ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕೃಷಿ ವಿಶ್ವವಿದ್ಯಾನಿಲಯವೂ ಈ ಲ್ಯಾಂಡ್ ಗ್ರಾಂಟ್ ಮಾದರಿಯದೇ.) ನ್ಯೂಯಾರ್ಕ್ ಪಾಲಿಗೆ ಬಂದದ್ದು ಸುಮಾರು 9,90,000 ಎಕರೆ. ಅಲ್ಲಿ ಕೇಂದ್ರದ ಜಮೀನು ಇಲ್ಲದ್ದರಿಂದ ಸಿಕ್ಕಿದ್ದು ಬರೀ ಚೀಟಿ, ಅಂದರೆ ಸ್ಕ್ರಿಪ್, ಒಂದಕ್ಕೆ 160 ಎಕರೆ. ತೊಡಕು ಇಲ್ಲೇ. ಒಂದು ರಾಜ್ಯ ಇನ್ನೊಂದು ರಾಜ್ಯದಲ್ಲಿ ಜಮೀನು ಆರಿಸಿಕೊಳ್ಳುವಂತಿರಲಿಲ್ಲ. ಚೀಟಿ ಮಾರಲೇಬೇಕು, ಕೊಂಡವನಷ್ಟೇ ಜಮೀನು ಹಿಡಿಯಬಹುದು. ಎಲ್ಲ ರಾಜ್ಯಗಳೂ ಒಟ್ಟಿಗೆ ಮಾರಲು ನಿಂತವು, ಬೆಲೆ ಕುಸಿಯಿತು. ಸರ್ಕಾರಿ ಜಮೀನಿನ ದರ ಎಕರೆಗೆ 1.25 ಡಾಲರ್ ಇದ್ದಾಗ ಚೀಟಿ 50–60 ಸೆಂಟಿಗೆ ಇಳಿದಿತ್ತು. ರೋಡ್ ಐಲೆಂಡ್ 1,20,000 ಎಕರೆಯ ಚೀಟಿಯನ್ನು 50,000 ಡಾಲರಿಗೆ ಕೊಟ್ಟು ಕೈತೊಳೆದುಕೊಂಡಿತು.

ಆಗ ನ್ಯೂಯಾರ್ಕಿನ ರಾಜ್ಯ ಸೆನೆಟರ್ ಆಗಿದ್ದ ಕಾರ್ನೆಲ್ ಕಾನೂನಿನ ಈ ಸಂದನ್ನು ಸರಿಯಾಗಿ ಓದಿದ್ದ. 1866ರಲ್ಲಿ ಉಳಿದ ಚೀಟಿಗಳನ್ನು ತನ್ನ ಹೆಸರಿಗೆ ತೆಗೆದುಕೊಳ್ಳಲು ಒಪ್ಪಂದ ಮಾಡಿಕೊಂಡ. ಮುಂದೆ ಬರುವ ಲಾಭವೆಲ್ಲ ವಿಶ್ವವಿದ್ಯಾನಿಲಯಕ್ಕೆ, ತನಗೆ ಏನೂ ಬೇಡ ಎಂಬ ಷರತ್ತಿನ ಮೇಲೆ. ಕಾಡು ಬಲ್ಲವರನ್ನು ಕಳಿಸಿ, ಪೈನ್ ದಟ್ಟವಾಗಿರುವ ಜಾಗ ನೋಡಿಸಿ, ವಿಸ್ಕಾನ್ಸಿನ್ನಿನಲ್ಲಿ ಸುಮಾರು 5 ಲಕ್ಷ ಎಕರೆ ಹಿಡಿದ. ಹಿಡಿದ ಮೇಲೆಯೇ ನಿಜವಾದ ಕಷ್ಟ. ವರ್ಷ ವರ್ಷ ತೆರಿಗೆ ಕಟ್ಟಬೇಕು, ಕಳ್ಳರು ಮರ ಕಡಿಯದಂತೆ ಕಾಯಬೇಕು, ಹುಟ್ಟುವಳಿ ಮಾತ್ರ ಏನೂ ಇಲ್ಲ. ಇತ್ತ 1868ರ ಅಕ್ಟೋಬರಿನಲ್ಲಿ ಇಥಾಕಾದಲ್ಲಿ ವಿಶ್ವವಿದ್ಯಾನಿಲಯದ ತರಗತಿ ಶುರುವಾಗಿ ಖರ್ಚು ಏರುತ್ತಿತ್ತು. ಇಂಥ ಹೊತ್ತಿನಲ್ಲಿ ಸಿಕ್ಕಿದ ಬೆಲೆಗೆ ಮಾರದೆ ಇರುವುದಕ್ಕೆ ಗಟ್ಟಿ ಎದೆ ಬೇಕು. 1873ರಲ್ಲಿ ಜಮೀನು ಹೊಡೆದುಕೊಳ್ಳುತ್ತಿದ್ದಾನೆಂಬ ಆರೋಪ ಬಂದಾಗ ತನಿಖೆ ಆಗಲಿ ಎಂದು ಕೇಳಿದವನೂ ಆತನೇ.

ಒಂದು ಮಾತು ಬಿಡುವಂತಿಲ್ಲ. ಆ ಕಾಡು ಹಿಂದೆ ಒಜಿಬ್ವೆ ಎಂಬ ಮೂಲನಿವಾಸಿ ಜನರದು. 1837 ಮತ್ತು 1842ರ ಒಪ್ಪಂದಗಳ ಮೂಲಕ ಉತ್ತರ ವಿಸ್ಕಾನ್ಸಿನ್ ಅವರ ಕೈತಪ್ಪಿತು. ಕಾರ್ನೆಲ್‌ನ ತಾಳ್ಮೆಯನ್ನು ಹೊಗಳುವಾಗ ಆ ಸಂಪತ್ತು ಯಾರಿಂದ ಬಂತೆಂದು ಹೇಳದೆ ಹೋಗುವುದು ತಪ್ಪು.

1874ರ ಶರತ್ಕಾಲದಲ್ಲಿ ಜಮೀನನ್ನೆಲ್ಲ ವಿಶ್ವವಿದ್ಯಾನಿಲಯದ ಟ್ರಸ್ಟಿಗಳಿಗೆ ವಹಿಸಿದ, ಡಿಸೆಂಬರ್ 9ಕ್ಕೆ ತೀರಿಕೊಂಡ. ಮರದ ವ್ಯಾಪಾರ ಬಲ್ಲ ಟ್ರಸ್ಟಿ ಹೆನ್ರಿ ಸೇಜ್ ಮುಂದೆ ನಿಂತು, ದರ ಏರಿದಂತೆಲ್ಲ ತುಂಡು ತುಂಡಾಗಿ ಮಾರಿಸಿದರು. ಕೊನೆಗೆ ಖರ್ಚೆಲ್ಲ ಕಳೆದು ವಿಶ್ವವಿದ್ಯಾನಿಲಯಕ್ಕೆ ಉಳಿದದ್ದು ಸುಮಾರು 50 ಲಕ್ಷ ಡಾಲರ್, ಎಲ್ಲರೂ ನೆನೆಯುವ ಆ ದಾನದ ಹತ್ತು ಪಟ್ಟು.