ಸಣ್ಣಪುಟ್ಟ ಕೆಲಸ

ತುಮಕೂರಿನ ಸೋಮೇಶ್ವರಪುರಂನಲ್ಲಿ ದಿನಸಿ ಅಂಗಡಿಯೊಂದರ ಗಾಜಿಗೆ ಚೀಟಿ ಅಂಟಿಸಿದ್ದಾರೆ. ‘ಆರು ತಿಂಗಳ ಮಗು ನೋಡಿಕೊಳ್ಳಲು ಹೆಂಗಸು ಬೇಕಾಗಿದ್ದಾರೆ. ಪೂರ್ತಿ ದಿನ. ಜೊತೆಗೆ ಸಣ್ಣಪುಟ್ಟ ಕೆಲಸ.’ ಕೆಳಗೆ ಫೋನ್ ನಂಬರು. ಸಂಬಳ ಎಷ್ಟೆಂದು ಬರೆದಿಲ್ಲ. ಅದನ್ನು ಯಾರೂ ಬರೆಯುವುದಿಲ್ಲ ಬಿಡಿ. ಒಳ್ಳೆಯ ಆಯಾ ಯಾರೆಂದು ಗುರುತಿಸುವುದು ಹೇಗೆ ಎಂಬ ವಿಚಾರಕ್ಕೆ ಬರೋಣವೆಂದರೆ ಈ ಸಣ್ಣಪುಟ್ಟದ್ದು ಅಡ್ಡ ಬಂದು ಕೂರುತ್ತದೆ. ಬಟ್ಟೆ ಮಡಚುವುದು ಸಣ್ಣದು, ತರಕಾರಿ ಹೆಚ್ಚುವುದು ಪುಟ್ಟದು. ನಲ್ಲಿಯಲ್ಲಿ ನೀರು ಬಂದಾಗ ಸಂಪು ತುಂಬಿಸುವುದು, ಸಿಲಿಂಡರಿನವನಿಗೆ ಗೇಟು ತೆಗೆಯುವುದು, ಮಾವನವರಿಗೆ ಹನ್ನೊಂದು ಗಂಟೆಯ ಕಾಫಿ, ಇವೆಲ್ಲ ಲೆಕ್ಕಕ್ಕೇ ಇಲ್ಲ. ಒಂದೇ ವಾರಕ್ಕೆ ಮಗು ಸೊಂಟದ ಮೇಲೆ, ಕೈ ಪಾತ್ರೆಯ ಮೇಲೆ.

ಇರುವ ಲೆಕ್ಕವನ್ನಾದರೂ ಹಾಕೋಣ. ತುಮಕೂರಿನಿಂದ ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್. ಗಂಡ ಹೆಂಡತಿ ಇಬ್ಬರೂ ದಿನಾ ರೈಲು ಹತ್ತುವವರಾದರೆ ಬೆಳಿಗ್ಗೆ ಏಳಕ್ಕೆ ಮನೆ ಬಿಡಬೇಕು, ರಾತ್ರಿ ಎಂಟಕ್ಕೆ ಮರಳಿದರೆ ಪುಣ್ಯ. ಹದಿಮೂರು ಗಂಟೆಯಾಯಿತು. ಭಾನುವಾರ ಬಿಟ್ಟು ತಿಂಗಳಿಗೆ 26 ದಿನ, ಅಂದರೆ 338 ಗಂಟೆ. ‘ಹನ್ನೆರಡು ಸಾವಿರ ಕೊಡ್ತೀವಿ’ ಎನ್ನುವಾಗ ದನಿಯಲ್ಲಿ ದಾನಶೂರ ಕರ್ಣನೇ ಇಣುಕುತ್ತಾನೆ. ಭಾಗಿಸಿ ನೋಡಿದರೆ ಗಂಟೆಗೆ 35 ರೂಪಾಯಿ ಚಿಲ್ಲರೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಕಾಫಿ ಕುಡಿದರೆ ಮುಗಿಯಿತು. ಮನೆಗೆಲಸದವರಿಗೂ ಕನಿಷ್ಠ ವೇತನ ಉಂಟೆಂದು ಕರ್ನಾಟಕ ಸರ್ಕಾರ 2004ರಲ್ಲೇ ಅಧಿಸೂಚನೆ ಹೊರಡಿಸಿದೆ. ಆ ಹಾಳೆಯನ್ನು ಕಣ್ಣಾರೆ ಕಂಡ ಮನೆಗಳು ಎಷ್ಟಿವೆಯೋ. ‘ಇಷ್ಟೆಲ್ಲ ಯಾಕೆ, ಊರಿಂದ ಒಂದು ಹುಡುಗೀನ ಕರ್ಕೊಂಡು ಬಂದರಾಯ್ತು’ ಎನ್ನುವ ದೊಡ್ಡಮ್ಮಂದಿರು ಇನ್ನೂ ಇದ್ದಾರೆ. ಹದಿನಾಲ್ಕು ತುಂಬದವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದ ಅಪರಾಧ. ಆ ಮಾತು ಅಲ್ಲಿಗೆ ಬಿಡಿ.

ಮಗುವಿಗೆ ಆರು ತಿಂಗಳಾಗುವ ಹೊತ್ತಿಗೇ ಇಂಥ ಚೀಟಿ ಏಕೆ ಅಂಟುತ್ತದೆ ಎಂಬುದಕ್ಕೆ ಕಾರಣವಿದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲೆರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ. ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡಿದ್ದರೆ ರಜೆ ಮುಗಿಯುವಾಗ ಮಗುವಿಗೆ ನಾಲ್ಕೇ ತಿಂಗಳು. ಬರುವ ಆಯಾ ಹಿಂಡಿಟ್ಟ ಎದೆಹಾಲನ್ನು ಸಂಭಾಳಿಸಬೇಕು. ಹೊರಗಿಟ್ಟರೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಾದರೆ ನಾಲ್ಕು ದಿನ. ಏಪ್ರಿಲ್ ಸೆಕೆಯಲ್ಲಿ ಆ ನಾಲ್ಕು ಗಂಟೆಯನ್ನೂ ನಂಬಬಾರದು. ಕಾಯಿಸಬಾರದು, ಬಿಸಿನೀರಿನ ಬಟ್ಟಲಿನಲ್ಲಿ ಬಾಟಲಿ ಇಟ್ಟು ಬೆಚ್ಚಗೆ ಮಾಡಬೇಕು. ರಜೆಯನ್ನೆಲ್ಲ ಹೆರಿಗೆಯ ನಂತರಕ್ಕೆ ಉಳಿಸಿಕೊಂಡಿದ್ದರೆ ಆಯಾ ಬರುವುದೂ ಮಗು ಮೊದಲ ತುತ್ತು ಉಣ್ಣುವುದೂ ಒಂದೇ ವಾರ. ಆಗ ಫೋನಿನಲ್ಲಿ ಒಂದು ಮಾತು ಬರುತ್ತದೆ: ‘ಜಾಸ್ತಿ ಏನಿಲ್ಲಕ್ಕ, ಸ್ವಲ್ಪ ರಾಗಿ ಸರಿ ಮಾಡ್ಕೊಡಬೇಕಷ್ಟೆ.’

ಸ್ವಲ್ಪವಂತೆ! ರಾಗಿ ಸರಿಯ ಹಿಟ್ಟು ಮಾಡಿದವರು ಆ ಮಾತನ್ನು ಬಾಯಿ ತಪ್ಪಿಯೂ ಆಡುವುದಿಲ್ಲ. ಒಂದು ಕಿಲೋ ರಾಗಿ ತಂದರೆ ಮೊದಲು ಮೊರದಲ್ಲಿ ಕೇರಿ ಕಲ್ಲು ಆರಿಸಬೇಕು. ರಾಗಿಯಷ್ಟೇ ಗಾತ್ರದ, ರಾಗಿಯದೇ ಬಣ್ಣದ ಕಲ್ಲು. ಮೊರದಲ್ಲಿ ತಪ್ಪಿಸಿಕೊಂಡದ್ದು ನೀರಿನಲ್ಲಿ ಜಾಲಿಸುವಾಗ ಸಿಗುತ್ತದೆ. ನಾಲ್ಕು ಸಲ ತೊಳೆದು ರಾತ್ರಿಯಿಡೀ ನೆನೆಸಬೇಕು. ಬೇಸಿಗೆಯಲ್ಲಿ ಮಧ್ಯೆ ಒಮ್ಮೆ ನೀರು ಬದಲಿಸದಿದ್ದರೆ ಬೆಳಿಗ್ಗೆ ಹುಳಿ ವಾಸನೆ. ಆಮೇಲೆ ನೀರು ಬಸಿದು, ಒದ್ದೆ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಮುಚ್ಚಿಡಬೇಕು. ಬಟ್ಟೆ ಒಣಗಿದ ಹಾಗೆಲ್ಲ ನೀರು ಚಿಮುಕಿಸಬೇಕು. ಸೆಕೆಗಾಲದಲ್ಲಿ ಒಂದು ದಿನಕ್ಕೆ ಮೊಳೆತರೆ ಡಿಸೆಂಬರ್ ಚಳಿಯಲ್ಲಿ ಎರಡು ದಿನವೂ ಬೇಕು. ದಾರದ ತುದಿಯಷ್ಟು ಬಿಳಿ ಕಂಡರೆ ಸಾಕು. ಉದ್ದ ಬಿಟ್ಟರೆ ಒಂದಕ್ಕೊಂದು ಹೆಣೆದುಕೊಂಡು ಬಟ್ಟೆಯಿಂದ ಬಿಡಿಸುವುದೇ ಪಾಡಾಗುತ್ತದೆ, ಹಿಟ್ಟೂ ಕಹಿ.

ಮುಂದಿನದು ಒಣಗಿಸುವುದು. ನೆರಳಿನಲ್ಲಿ, ತೆಳ್ಳಗೆ ಹರಡಿ. ಪಸೆ ಉಳಿದಿದ್ದನ್ನು ಬೀಸಿಸಿದರೆ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. ಮೇಲಷ್ಟು ತೆಗೆದು ಬಳಸುವಂತಿಲ್ಲ, ಪೂರ್ತಿ ಚೆಲ್ಲಬೇಕು. ಒಣಗಿದ್ದನ್ನು ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿಯಬೇಕು. ಕೆಂಪಗೆ ಹುರಿದರೆ ಮೂರು ದಿನದ ಕೆಲಸ ಮಣ್ಣುಪಾಲು. ಮೊಳೆತಾಗ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸರಿಯನ್ನು ತೆಳುವಾಗಿಸುತ್ತದೆ. ಹಾಗಾಗಿ ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಸಬಹುದು, ಸಣ್ಣ ಹೊಟ್ಟೆಗೆ ಹೆಚ್ಚು ಸತ್ವ ಹೋಗುತ್ತದೆ. ಅತಿಯಾಗಿ ಹುರಿದರೆ ಆ ಕಿಣ್ವವೇ ಸಾಯುತ್ತದೆ. ರಾಗಿಯ ಸುಣ್ಣದಂಶ ಮಾತ್ರ ಎಲ್ಲರಿಗೂ ಬಾಯಿಪಾಠ, ನೂರು ಗ್ರಾಂಗೆ ಸುಮಾರು 340 ಮಿಲಿಗ್ರಾಂ. ಹುರಿಯುವ ಹದ ಒಬ್ಬರಿಗೂ ನೆನಪಿರುವುದಿಲ್ಲ.

ಇನ್ನು ಮಿಲ್ಲು. ಹಿಟ್ಟಿನ ಗಿರಣಿಗೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಬೇಕು. ತಡವಾದರೆ ಮುಂದೆ ನಿಂತವರು ಖಾರದ ಪುಡಿ ಮಾಡಿಸಿರುತ್ತಾರೆ. ‘ಬೇರೆ ಕಲ್ಲು ಅಕ್ಕ, ಏನಾಗಲ್ಲ’ ಎಂದು ಮಿಲ್ಲಿನವನು ಹೇಳಿದರೂ ಮಗುವಿನದನ್ನು ಹಾಕುವ ಮೊದಲು ಅಕ್ಕಿಯನ್ನೋ ರಾಗಿಯನ್ನೋ ಒಂದು ಸುತ್ತು ಬಿಡಿಸಿ ನೋಡುವುದೇ ಕ್ಷೇಮ. ಬಿಸಿ ಹಿಟ್ಟನ್ನು ಅಗಲ ತಟ್ಟೆಯಲ್ಲಿ ಆರಿಸಿ, ತೆಳ್ಳನೆಯ ಬಟ್ಟೆಯನ್ನು ಪಾತ್ರೆಯ ಬಾಯಿಗೆ ಬಿಗಿದು, ಅಂಗೈಯಿಂದ ಆಡಿಸುತ್ತ ಸೋಸಬೇಕು. ಮೂಗಿನ ತುದಿಯವರೆಗೆ ಹಿಟ್ಟು, ತೋಳು ಬಿದ್ದುಹೋಗುತ್ತದೆ. ಕಿಲೋ ರಾಗಿಗೆ ಮುಕ್ಕಾಲು ಕಿಲೋ ನಯ ಹಿಟ್ಟು ಬಂದರೆ ದೊಡ್ಡದು. ಈ ಮೂರು ದಿನವೂ ಮಗು ಅಳುತ್ತದೆ, ಉಚ್ಚೆ ಹೊಯ್ಯುತ್ತದೆ, ಹೊಸದಾಗಿ ಅಂಬೆಗಾಲಿಟ್ಟು ಆ ಒಣಹಾಕಿದ ರಾಗಿಯ ಕಡೆಗೇ ಬರುತ್ತದೆ.

ಕಾಯಿಸುವುದಕ್ಕೂ ಕ್ರಮವಿದೆ. ದೊಡ್ಡ ಚಮಚ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಕದಡಿಯೇ ಒಲೆಗಿಡಬೇಕು. ಕುದಿನೀರಿಗೆ ಸುರಿದರೆ ಗಂಟೇ ಗಂಟು. ಕೈಬಿಡದೆ ತಿರುವಿ, ಹಸಿ ವಾಸನೆ ಹೋಗಿ ಹೊಳಪು ಬಂದಾಗ ಇಳಿಸುವುದು. ಚಮಚ ಓರೆ ಮಾಡಿದರೆ ಸುರಿಯಬಾರದು, ನಿಧಾನ ಜಾರಬೇಕು. ವರ್ಷ ತುಂಬುವವರೆಗೆ ಉಪ್ಪು ಬೇಡ, ಎರಡು ತುಂಬುವವರೆಗೆ ಸಕ್ಕರೆ ಬೇಡ. ಜೇನು ಬೇಡವೇ ಬೇಡ, ಅದರಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವನ್ನು ತಡೆಯುವ ಶಕ್ತಿ ಎಳೆಗರುಳಿಗಿಲ್ಲ. ಆದರೆ ಇಲ್ಲಿ ಅಜ್ಜಿ ಪ್ರವೇಶಿಸುತ್ತಾರೆ. ‘ನಿಮ್ಮ ಯಜಮಾನ್ರಿಗೆ ನಾನು ಜೇನು ನೆಕ್ಕಿಸೇ ಬೆಳೆಸಿದ್ದು’ ಎಂದು ಸೊಸೆಗೆ ಹೇಳಲಾಗದ್ದನ್ನು ಆಯಾಗೆ ಹೇಳುತ್ತಾರೆ. ಸೊಸೆ ರೈಲಿನಿಂದಲೇ ಫೋನ್ ಮಾಡಿ ಬೇಡ ಎನ್ನುತ್ತಾಳೆ. ಆಯಾ ಯಾರ ಮಾತು ಕೇಳಬೇಕು? ಕೆಲಸಕ್ಕೆ ಕರೆಯುವ ಮೊದಲೇ ಅತ್ತೆ ಸೊಸೆ ಕೂತು ತೀರ್ಮಾನಿಸಬೇಕಾದ ಸಂಗತಿಯಿದು. ಅವರಿಬ್ಬರೂ ಹಾಗೆ ಕೂರುವಂತಿದ್ದರೆ ಆಯಾ ಹುಡುಕುವ ಪ್ರಸಂಗವೇ ಎಷ್ಟೋ ಮನೆಗಳಲ್ಲಿ ಬರುತ್ತಿರಲಿಲ್ಲ.

ಔಷಧಿಯ ವಿಚಾರ ಚಿಕ್ಕದು, ಆದರೆ ಜೀವದ್ದು. ಜ್ವರದ ಪ್ಯಾರಾಸಿಟಮಾಲ್ ಡ್ರಾಪ್ಸ್ ಸಾಮಾನ್ಯವಾಗಿ ಒಂದು ಮಿಲಿಗೆ 100 ಮಿಲಿಗ್ರಾಂ; ಸಿರಪ್ ಐದು ಮಿಲಿಗೆ 120 ಅಥವಾ 250. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ನಾಲ್ಕು ಪಟ್ಟು ಹೋದೀತು. ಮನೆಯಲ್ಲಿ ಒಂದೇ ಬಾಟಲಿ ಇರಲಿ, ಡಾಕ್ಟರು ಹೇಳಿದ ಅಳತೆಗೆ ಅದರ ಪಿಚಕಾರಿಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದಿಡಿ. ಓದು ಬರುವವರಿಗೂ ಗೆರೆಯೇ ಬೇಕು. ಮಗು ಕಿರುಚುವಾಗ ಯಾರಿಗೆ ಅಕ್ಷರ ಕಾಣುತ್ತದೆ? ಭೇದಿಯಾದಾಗ ಕೊಡುವ ಓಆರ್‌ಎಸ್ ದೊಡ್ಡ ಪೊಟ್ಟಣವನ್ನು ಲೋಟಕ್ಕಿಷ್ಟು ಎಂದು ಚಿಟಿಕೆಯಲ್ಲಿ ಕದಡುವುದಲ್ಲ, ಪೂರ್ತಿ ಒಂದು ಲೀಟರಿಗೆ.

ಇನ್ನು ರಜೆ. ಯುಗಾದಿಗೆ ಒಂದು ದಿನ ಎನ್ನುವವರು ಹೊಸತೊಡಕನ್ನು ಮರೆತಿರುತ್ತಾರೆ. ಮರಿ ಕುಯ್ಯುವ ದಿನ ಕೊರಟಗೆರೆ ಕಡೆಯ ಹೆಣ್ಣುಮಗಳು ನಿಮ್ಮ ಮನೆಯಲ್ಲಿ ಸೆರೆಲ್ಯಾಕ್ ಕದಡುತ್ತ ಕೂರಬೇಕೆ? ಪಿತೃಪಕ್ಷ, ಊರಹಬ್ಬ, ರಾಗಿ ಕೊಯ್ಲಿನ ನಾಲ್ಕು ದಿನ, ಇವನ್ನೆಲ್ಲ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನಿಮ್ಮ ರಜೆಯನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಬಸ್ಸಿನದೂ ಕೇಳಿಕೊಳ್ಳಿ: 2023ರ ಜೂನ್‌ನಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ ನಿಜ, ಆದರೆ ಅವರ ಊರಿಗೆ ಬೆಳಿಗ್ಗೆ ಆರಕ್ಕೆ ಇರುವುದು ಖಾಸಗಿ ಬಸ್ಸೊಂದೇ ಆದರೆ ದಿನದ ಚಾರ್ಜು ಯಾರದು? ಇದನ್ನು ಕೇಳದೆ, ತಿಂಗಳಾದ ಮೇಲೆ ‘ಯಾಕೋ ಬರೋದು ಲೇಟಾಗ್ತಿದೆ’ ಎಂದು ಗೊಣಗುವುದು ನಮ್ಮ ಜನರ ಹವ್ಯಾಸ.

ಅದಕ್ಕಿಂತ ದೊಡ್ಡ ಹವ್ಯಾಸ ಇನ್ನೊಂದಿದೆ. ಬೇಸಿಗೆಯಲ್ಲಿ ತಾವೇ ಹತ್ತು ದಿನ ತವರಿಗೋ ಊಟಿಗೋ ಹೊರಡುತ್ತಾರೆ, ಆಯಾಗೆ ‘ನೀನೂ ರೆಸ್ಟ್ ತಗೊಳಮ್ಮ’ ಎಂದು ಬಾಯಿ ತುಂಬ ಹೇಳುತ್ತಾರೆ, ತಿಂಗಳ ಕೊನೆಗೆ ಆ ಹತ್ತು ದಿನದ ಸಂಬಳ ಹಿಡಿದುಕೊಳ್ಳುತ್ತಾರೆ. ಅಷ್ಟರಲ್ಲಿ ಆಕೆ ಅಶೋಕನಗರದಲ್ಲಿ ಬೇರೆ ಮನೆ ಹಿಡಿದಿರುತ್ತಾಳೆ. ಹಿಡಿಯಲಿ.