ಹೆಚ್ಚಿಟ್ಟ ಈರುಳ್ಳಿ ವೈರಸ್ ಹೀರುವುದಿಲ್ಲ: ಸ್ಪಷ್ಟನೆ

ಈರುಳ್ಳಿ ಹೆಚ್ಚಿ ಕೋಣೆಯಲ್ಲಿಟ್ಟರೆ ಗಾಳಿಯಲ್ಲಿರುವ ವೈರಸ್ಸನ್ನೆಲ್ಲ ಹೀರಿಕೊಂಡು ಕಪ್ಪಾಗುತ್ತದೆ, ಆದ್ದರಿಂದ ಹೆಚ್ಚಿಟ್ಟ ಈರುಳ್ಳಿ ವಿಷ ಎಂಬ ಸಂದೇಶ ಮತ್ತೆ ಹರಿದಾಡುತ್ತಿದೆ. ಇದು ನಿಜವಲ್ಲ.

ಫ್ಲೂ ಹರಡುವುದು ಮುಖ್ಯವಾಗಿ ಕೆಮ್ಮು, ಸೀನಿನ ಹನಿಗಳಿಂದ. ಅದನ್ನು ಗಾಳಿಯಿಂದ ಎಳೆದುಕೊಳ್ಳುವ ಶಕ್ತಿ ಯಾವ ತರಕಾರಿಗೂ ಇಲ್ಲ. ಸಂದೇಶದಲ್ಲಿ 1919ರ ಫ್ಲೂ ಕಾಲದಲ್ಲಿ ಕೋಣೆಗಳಲ್ಲಿ ಈರುಳ್ಳಿ ಇಟ್ಟು ಕುಟುಂಬ ಪಾರಾಯಿತು ಎನ್ನುವ ಒಬ್ಬ ರೈತನ ಕಥೆ ಇದೆ. ನಂಬಿಕೆ ಮಾತ್ರ ಅದಕ್ಕಿಂತ ಹಳೆಯದು. ರೋಗಾಣುಗಳ ವಿಷಯ ತಿಳಿಯುವ ಮೊದಲು ಯುರೋಪಿನ ಜನ ಪ್ಲೇಗ್ ಬರುವುದು ಕೆಟ್ಟ ಗಾಳಿಯಿಂದ ಅಂದುಕೊಂಡಿದ್ದರು. ಘಾಟಿನ ಈರುಳ್ಳಿ ಆ ಗಾಳಿಯನ್ನು ಹೀರುತ್ತದೆ ಎಂದು ನಂಬಿದರು. ಆ ಕಾಲಕ್ಕೆ ಅದು ಸಹಜವೇ, ಅಲ್ವಾ?

ನಿಜಕ್ಕೂ ನಡೆಯುವುದು ಇದರ ಉಲ್ಟಾ. ಚಾಕು ತಾಗಿದ ಕೂಡಲೇ ಈರುಳ್ಳಿಯ ಕೋಶಗಳು ಒಡೆಯುತ್ತವೆ. ಅಲ್ಲಿನ ಕಿಣ್ವಗಳು ಗಂಧಕದ ಅಂಶವನ್ನು ಆವಿಯಾಗಿಸುತ್ತವೆ. ಕಣ್ಣು ಉರಿಸುವುದು ಅದೇ. ಅಂದರೆ ಈರುಳ್ಳಿಯಿಂದ ಗಾಳಿಗೆ ಹೋಗುತ್ತದೆ, ಗಾಳಿಯಿಂದ ಈರುಳ್ಳಿಗೆ ಬರುವುದಲ್ಲ. ಹೆಚ್ಚಿದ ಭಾಗ ಬಣ್ಣ ಕೆಡುವುದು ಒಣಗಿ, ಗಾಳಿ ತಾಗಿ. ಸಿಪ್ಪೆಯ ಕೆಳಗೆ ಮಸಿಯಂತೆ ಕಾಣುವ ಕಪ್ಪು ಪುಡಿ ಮಾತ್ರ ಬೇರೆ; ಅದು ಆಸ್ಪರ್ಜಿಲಸ್ ನೈಗರ್ ಎಂಬ ಬೂಷ್ಟು. ಅಂಥ ಪದರ ತೆಗೆದುಬಿಡಿ. ಒಳಗೂ ಹರಡಿದ್ದರೆ ಎಸೆಯಿರಿ.

ಹೆಚ್ಚಿದ್ದು ಉಳಿದರೆ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ಕೆಲವು ದಿನ ಬಳಸಬಹುದು. ಲೋಳೆ ಬಂದರೆ, ವಾಸನೆ ಕೆಟ್ಟರೆ ಬೇಡ.

ಈರುಳ್ಳಿ ನಿಜವಾಗಿ ವಿಷವಾಗುವುದು ನಾಯಿ, ಬೆಕ್ಕುಗಳಿಗೆ. ಹಸಿಯಾಗಲಿ, ಬೆಂದದ್ದಾಗಲಿ, ಅವುಗಳ ಕೆಂಪು ರಕ್ತಕಣ ಒಡೆಯುತ್ತದೆ. ಈ ಸಂದೇಶ ನಂಬಿ ಕೋಣೆಯ ನೆಲದ ಮೇಲೆ ಈರುಳ್ಳಿ ಇಟ್ಟಿದ್ದರೆ ದಯವಿಟ್ಟು ಈಗಲೇ ತೆಗೆಯಿರಿ.